ಗೆದ್ದ ಮೇಲೆ ಏನಾಯಿತು?

ಶುಕ್ರವಾರ ರಾತ್ರಿ ಊಟ ಆದ ಮೇಲೆ ನಮ್ಮ ಮನೆಯ ಟೀವಿ ನನ್ನ ಅಕ್ಕನ ಮಗನ ಕೈಗೆ ಹೋಗುತ್ತದೆ. ಒಂಬತ್ತನೇ ಕ್ಲಾಸಿನ ಹುಡುಗ. ಅನಿಮೆ ನೋಡುವುದನ್ನು ನನಗೆ ಕಲಿಸಿದವನೇ ಅವನು. ಒಂದು ದಿನ ನಾನೇ ಹಟ ಹಿಡಿದು ‘ಫ್ರೀರೆನ್’ ಹಾಕಿಸಿದೆ. ಎರಡು ಕಂತು ಮುಗಿಯುವಷ್ಟರಲ್ಲಿ ಅವನು ಸೋಫಾದಲ್ಲಿ ಮಗ್ಗುಲು ಬದಲಿಸಿ, “ಮಾಮ, ಇದರಲ್ಲಿ ಫೈಟೇ ಇಲ್ವಲ್ಲ. ರಾಕ್ಷಸನ್ನ ಸಾಯಿಸಿ ಆಗ್ಹೋಗಿದೆ. ಇನ್ನೇನು ನೋಡೋದು?” ಎಂದ.

ಒಳ್ಳೆಯ ಪ್ರಶ್ನೆ. ಕಳೆದ ಎರಡು ಮೂರು ವರ್ಷಗಳಲ್ಲಿ ನಾನು ನೋಡಿದ ಅನಿಮೆ ಸರಣಿಗಳನ್ನೆಲ್ಲ ಈಗ ನೆನೆಸಿಕೊಂಡರೆ, ಅವನ್ನು ಅಳೆಯಲು ನನಗೆ ಸಿಗುವ ಅಳತೆಗೋಲೂ ಇದೇ. ಗೆಲುವಿನ ಹತ್ತಿರ ಕಥೆ ನಿಲ್ಲುತ್ತದೆಯೋ, ಅಲ್ಲಿಂದ ಶುರುವಾಗುತ್ತದೆಯೋ?

ಮೊದಲು ನಮ್ಮ ಹುಡುಗನ ಇಷ್ಟದ ‘ಸೋಲೋ ಲೆವೆಲಿಂಗ್’. ಕೊರಿಯಾದ ವೆಬ್ ಕಾದಂಬರಿಯಿಂದ ಬಂದ ಕಥೆ. 2024ರ ಜನವರಿಯಲ್ಲಿ ಮೊದಲ ಸೀಸನ್, 2025ರಲ್ಲಿ ಎರಡನೆಯದು. ಕ್ರಂಚಿರೋಲ್ ಕೊಡುವ 2025ರ ‘ವರ್ಷದ ಅನಿಮೆ’ ಪ್ರಶಸ್ತಿಯೂ ಇದಕ್ಕೇ ಸಿಕ್ಕಿತು. ಸುಂಗ್ ಜಿನ್‌ವೂ ಎಂಬ ಅತಿ ದುರ್ಬಲ ಬೇಟೆಗಾರ ಸಾವಿನ ಬಾಯಿಂದ ಪಾರಾಗಿ, ವಿಡಿಯೋ ಗೇಮಿನ ಆಟಗಾರನ ಹಾಗೆ ಮೆಟ್ಟಿಲು ಮೆಟ್ಟಿಲಾಗಿ ಬಲಿಯುತ್ತಾ ಹೋಗುತ್ತಾನೆ. ಹಿರೊಯುಕಿ ಸವಾನೊ ಸಂಗೀತ ಎದೆಗೆ ಗುದ್ದುತ್ತದೆ. ಕಾದಾಟದ ಚಿತ್ರಣದಲ್ಲಿ ಎ-1 ಪಿಕ್ಚರ್ಸ್‌ನವರ ಕೈಚಳಕಕ್ಕೆ ಹೆಸರಿಡುವ ಹಾಗಿಲ್ಲ. ನಾನೂ ಕಣ್ಣು ಮಿಟುಕಿಸದೆ ನೋಡಿದ್ದೇನೆ. ಆದರೆ ಬೆಳೆಯುವುದು ಅವನ ಅಂಕಿ. ಆ ಅಂಕಿಯ ಹಿಂದಿರುವ ಮನುಷ್ಯ ಬರಬರುತ್ತಾ ತೆಳುವಾಗುತ್ತಾನೆ. ಸತ್ತ ಶತ್ರುಗಳೂ ಎದ್ದು ಬಂದು ಅವನ ನೆರಳಿನ ಸೈನ್ಯ ಸೇರುವ ಲೋಕದಲ್ಲಿ ಸಾವಿಗೆ ತೂಕ ಎಲ್ಲಿಂದ ಬರಬೇಕು? ಇಡೀ ಸರಣಿಯಲ್ಲಿ ನನ್ನ ಕಣ್ಣು ಒದ್ದೆಯಾದದ್ದು ಒಂದೇ ಕಡೆ, ವರ್ಷಗಟ್ಟಲೆ ನಿದ್ದೆಯ ಕಾಯಿಲೆಯಲ್ಲಿ ಮಲಗಿದ್ದ ತಾಯಿ ಕಣ್ಣು ಬಿಟ್ಟಾಗ. ಅಲ್ಲಿ ಮಾತ್ರ ಆ ಹುಡುಗ ಮತ್ತೆ ಮಗನಾಗುತ್ತಾನೆ. ಮುಂದಿನ ಕಂತಿಗೆ ಕತ್ತಿ ಎತ್ತಿಕೊಂಡು ಹೊರಟೇಬಿಡುತ್ತಾನೆ.

ಇದಕ್ಕೆ ನೇರ ಎದುರಿನ ದಿಕ್ಕಿನಲ್ಲಿರುವುದು ‘ವಿನ್‌ಲ್ಯಾಂಡ್ ಸಾಗಾ’ದ ಎರಡನೆಯ ಸೀಸನ್. 2023ರ ಮೊದಲ ಆರು ತಿಂಗಳಲ್ಲಿ ಬಂದ 24 ಕಂತುಗಳು. ಮೊದಲ ಸೀಸನ್ನಿನಲ್ಲಿ ಅಪ್ಪನ ಸಾವಿಗೆ ಸೇಡು ತೀರಿಸಿಕೊಳ್ಳಲೆಂದೇ ಬದುಕಿದ್ದ ಥಾರ್ಫಿನ್ ಈಗ ಡೆನ್ಮಾರ್ಕಿನ ಒಂದು ಜಮೀನಿನಲ್ಲಿ ಗುಲಾಮ. ಸೇಡಿನ ಗುರಿಯೇ ಕೈತಪ್ಪಿ ಹೋಗಿದೆ. ಐನಾರ್ ಎಂಬ ಇನ್ನೊಬ್ಬ ಗುಲಾಮನ ಜೊತೆ ಕಾಡು ಕಡಿದು, ಬೇರು ಕಿತ್ತು, ಗೋಧಿ ಬಿತ್ತುವುದು ಅವನ ಕೆಲಸ. ಕತ್ತಿವರಸೆ ನೋಡಲು ಬಂದವರು ಮಣ್ಣು ಅಗೆಯುವುದನ್ನು ನೋಡಬೇಕಾಯಿತು. ಅನೇಕರು ಬೇಸರಪಟ್ಟುಕೊಂಡರು. ನನಗೆ ಇದು ಈ ಕಾಲದ ಧೈರ್ಯವಂತ ಸರಣಿಗಳಲ್ಲಿ ಒಂದಾಗಿ ಕಂಡಿತು. ತಾನು ಕೊಂದವರೆಲ್ಲ ಕನಸಿನಲ್ಲಿ ಬಂದು ಕಾಲು ಹಿಡಿದು ಎಳೆಯುವಾಗ, ಆ ಹುಡುಗನಿಗೆ ಪಶ್ಚಾತ್ತಾಪದ ಭಾಷಣ ಸಾಲದು, ಬೆಳಗ್ಗೆ ಎದ್ದು ಮಾಡುವ ಕೆಲಸ ಬೇಕು ಎಂಬುದನ್ನು ಇದು ಅರಿತಿದೆ. ಕೊನೆಗೆ ರಾಜನ ಜೊತೆ ಮಾತಾಡಲು ಒಂದು ಅವಕಾಶ ಸಿಗಲಿ ಎಂದು ಅವನು ಕೈ ಎತ್ತದೆ ನೂರು ಏಟು ತಿನ್ನುತ್ತಾನೆ.

ತಕರಾರೂ ಇದೆ. ಆರ್ನ್‌ಹೈಡ್ ಎಂಬ ಗುಲಾಮ ಹೆಂಗಸಿನ ದುರಂತ ಈ ಸೀಸನ್ನಿನ ಅತ್ಯಂತ ನೋವಿನ ಭಾಗ. ಆದರೆ ಅವಳ ಸಾವು ಇಬ್ಬರು ಗಂಡಸರ ಸಂಕಲ್ಪಕ್ಕೆ ಗೊಬ್ಬರವಾಗುತ್ತದೆ. ಅವಳಿಗೆ ತನ್ನದೇ ಆದ ‘ಆಮೇಲೆ’ ಇಲ್ಲ. ಅಹಿಂಸೆಯ ಕಥೆ ಹೇಳುವವರು ಅದರ ಬೆಲೆಯನ್ನು ಯಾರ ಕೈಯಲ್ಲಿ ಕಟ್ಟಿಸುತ್ತಾರೆ ಎಂದು ಕೇಳಲೇಬೇಕು.

ಇನ್ನು ‘ಫ್ರೀರೆನ್: ಬಿಯಾಂಡ್ ಜರ್ನೀಸ್ ಎಂಡ್’. ಕನೆಹಿತೊ ಯಮಾಡ ಬರೆದು ತ್ಸುಕಾಸಾ ಅಬೆ ಚಿತ್ರ ಬಿಡಿಸಿದ ಮಾಂಗಾವನ್ನು ಮ್ಯಾಡ್‌ಹೌಸ್ ಸ್ಟುಡಿಯೋ ಸರಣಿಯಾಗಿಸಿತು. ನಿರ್ದೇಶಕ ಕೈಇಚಿರೊ ಸೈತೊ. ಮೊದಲ ಸೀಸನ್ 2023ರ ಸೆಪ್ಟೆಂಬರಿನಿಂದ 2024ರ ಮಾರ್ಚ್‌ವರೆಗೆ, 28 ಕಂತು. ರಾಕ್ಷಸರಾಜನನ್ನು ಕೊಂದು ನಾಲ್ವರು ಊರಿಗೆ ಮರಳುವಲ್ಲಿ ಕಥೆ ಶುರು. ಅವರಲ್ಲಿ ಫ್ರೀರೆನ್ ಎಲ್ಫ್ ಕುಲದವಳು, ಸಾವಿರ ವರ್ಷ ದಾಟಿದವಳು. ಗೆಳೆಯರ ಜೊತೆ ಕಳೆದ ಹತ್ತು ವರ್ಷ ಅವಳ ಲೆಕ್ಕದಲ್ಲಿ ಒಂದು ಮಧ್ಯಾಹ್ನದಷ್ಟು. ಮತ್ತೆ ಸಿಗೋಣ ಎಂದು ಹೋದವಳು ಐವತ್ತು ವರ್ಷ ಬಿಟ್ಟು ಬರುತ್ತಾಳೆ. ನಾಯಕ ಹಿಮ್ಮೆಲ್ ಮುದುಕನಾಗಿದ್ದಾನೆ, ಸ್ವಲ್ಪ ದಿನದಲ್ಲೇ ತೀರಿಕೊಳ್ಳುತ್ತಾನೆ. ಹೂಳುವಾಗ ಅವಳಿಗೆ ಅಳು ಒತ್ತರಿಸಿ ಬರುತ್ತದೆ. ಇಷ್ಟು ದಿನ ಜೊತೆಗಿದ್ದೂ ಇವನನ್ನು ತಿಳಿದುಕೊಳ್ಳಲು ನಾನು ಪ್ರಯತ್ನವನ್ನೇ ಮಾಡಲಿಲ್ಲವಲ್ಲ ಎಂಬ ಅಳು.

ಆ ದೃಶ್ಯವನ್ನು ನಾನು ತಟಸ್ಥನಾಗಿ ವಿಮರ್ಶೆ ಮಾಡಲಾರೆ. ನಮ್ಮದು ದೊಡ್ಡನೆಕ್ಕುಂದಿಯ ಹಳೇ ಮನೆ. ತಾತ ಇಲ್ಲೇ ರಾಗಿ ಬೆಳೆದವರು. ಸಂಜೆ ಕೆರೆಯ ಕಡೆ ನಡೆಯುವಾಗ ಅಪಾರ್ಟ್‌ಮೆಂಟುಗಳ ಕಡೆ ಕೈ ತೋರಿಸಿ, ಇಲ್ಲಿ ಕಣ ಇತ್ತು, ಅಲ್ಲಿ ಹುಣಸೆಮರದ ಹೊಲ ಇತ್ತು ಎನ್ನುತ್ತಿದ್ದರು. 2008ರ ಮೇ ತಿಂಗಳವರೆಗೆ, ದೇವನಹಳ್ಳಿಗೆ ವಿಮಾನ ನಿಲ್ದಾಣ ಹೋಗುವ ತನಕ, ಎಚ್‌ಎಎಲ್‌ಗೆ ಇಳಿಯುವ ವಿಮಾನಗಳ ಸದ್ದಿಗೆ ಅವರ ಮಾತು ಅರ್ಧಕ್ಕೆ ನಿಲ್ಲುತ್ತಿತ್ತು. ಆಮೇಲಿನ ವರ್ಷಗಳಲ್ಲಿ ನಿಲ್ಲುತ್ತಿದ್ದದ್ದು ನನ್ನ ಇಯರ್‌ಫೋನಿಗೆ. “ಹೂಂ ತಾತ, ನಾಳೆ ಕೇಳ್ತೀನಿ” ಎನ್ನುತ್ತಿದ್ದೆ. ತಾತ ಹೋಗಿ ನಾಲ್ಕು ವರ್ಷವಾಯಿತು. ಅವರ ತಿಥಿಯ ದಿನ ಚಿಕ್ಕಪ್ಪ ಒಂದು ಹೊಲದ ಹೆಸರು ಕೇಳಿದರು. ಮನೆಯಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ನನ್ನ ಹತ್ತಿರ ಸಾವಿರ ವರ್ಷ ಆಯಸ್ಸಿಲ್ಲ. ಫ್ರೀರೆನ್ ಮಾಡಿದ ತಪ್ಪು ಮಾತ್ರ ಇದೆ.

ಕಥೆಯನ್ನು ಕೊನೆಯಿಂದ ಶುರುಮಾಡುವುದು ಕನ್ನಡಕ್ಕೆ ಹೊಸದಲ್ಲ. ಹತ್ತನೆಯ ಶತಮಾನದ ಕೊನೆಯ ಹೊತ್ತಿಗೆ ರನ್ನ ‘ಗದಾಯುದ್ಧ’ದಲ್ಲಿ ಮಾಡಿದ್ದು ಅದನ್ನೇ. ಭಾರತ ಯುದ್ಧ ಬಹುಪಾಲು ಮುಗಿದಿದೆ, ಉಳಿದಿರುವುದು ಭೀಮ ದುರ್ಯೋಧನರ ಗದೆಯ ಕಾಳಗ. ಅಲ್ಲಿ ನಿಂತು ಕವಿ ಹಿಂದಿನದನ್ನೆಲ್ಲ ಸಿಂಹಾವಲೋಕನ ಕ್ರಮದಲ್ಲಿ ನೋಡುತ್ತಾನೆ. ರಣರಂಗದಲ್ಲಿ ಹೆಣಗಳ ನಡುವೆ ನಡೆಯುವ ದುರ್ಯೋಧನನಿಗೆ ತನ್ನವರು ಒಬ್ಬೊಬ್ಬರಾಗಿ ಸಿಗುತ್ತಾರೆ. ತಾನು ಹೋದ ದಾರಿಯಲ್ಲೇ ಮತ್ತೆ ನಡೆಯುತ್ತಾ, ಊರೂರಲ್ಲಿ ಹಿಮ್ಮೆಲ್‌ನ ನೆನಪು ಎದುರಾಗುವ ಫ್ರೀರೆನ್‌ಳನ್ನು ನೋಡುವಾಗ ನನಗೆ ಕಾಲೇಜಿನಲ್ಲಿ ಪಾಠವಾಗಿದ್ದ ಆ ಭಾಗ ನೆನಪಾಯಿತು.

ಈ ಹೋಲಿಕೆಯಿಂದಲೇ ‘ಫ್ರೀರೆನ್’ನ ದೊಡ್ಡ ಕೊರತೆಯೂ ಕಾಣುತ್ತದೆ. ರನ್ನನ ದುರ್ಯೋಧನ ಶತ್ರುಪಕ್ಷದ ಅಭಿಮನ್ಯುವಿನ ಹೆಣದ ಮುಂದೆ ನಿಲ್ಲುತ್ತಾನೆ, ಆ ಹುಡುಗನ ಶೌರ್ಯಕ್ಕೆ ತಲೆಬಾಗುತ್ತಾನೆ. ‘ಫ್ರೀರೆನ್’ನಲ್ಲಿ ಇಂಥದಕ್ಕೆ ಜಾಗವೇ ಇಲ್ಲ. ಅಲ್ಲಿ ರಾಕ್ಷಸರೆಂದರೆ ಮನುಷ್ಯರ ರೂಪ, ಮನುಷ್ಯರ ಮಾತು, ಒಳಗೆ ಮನಸ್ಸೆಂಬುದೇ ಇಲ್ಲ. ಅಮ್ಮಾ ಎಂದು ಕರೆಯುವ ರಾಕ್ಷಸ ಮಗುವೂ ಆ ಪದವನ್ನು ಬಲೆಯಾಗಿ ಬಳಸುತ್ತದೆ. ಆ ಕಂತು ಭಯ ಹುಟ್ಟಿಸುವಷ್ಟು ಚೆನ್ನಾಗಿದೆ, ನಿಜ. ಆದರೆ ಇನ್ನೊಬ್ಬರನ್ನು ಅರಿಯುವುದೇ ಬದುಕಿನ ಕೆಲಸ ಎಂದು ಹೇಳುವ ಕಥೆ, ಒಂದು ಕುಲವನ್ನು ಅರಿಯುವ ಅಗತ್ಯವೇ ಇಲ್ಲ, ಕೊಂದರೆ ಸಾಕು ಎಂದು ಮೊದಲೇ ತೀರ್ಮಾನಿಸಿಬಿಟ್ಟಿದೆ. ಹುಟ್ಟಿನಿಂದಲೇ ದುಷ್ಟರು ಎಂಬ ಮಾತನ್ನು ಕಥೆಯ ಹೊರಗೆ ಬಹಳ ಕೇಳಿರುವ ನಮಗೆ ಇದು ಕಿರಿಕಿರಿಯಾಗಬೇಕು. ಸೀಸನ್ನಿನ ಎರಡನೆಯ ಅರ್ಧದ ಮಾಂತ್ರಿಕರ ಪರೀಕ್ಷೆ ಎಳೆದದ್ದು ಇದರ ಮುಂದೆ ಸಣ್ಣ ದೂರು.

ಆದರೂ ಇದನ್ನು ನಾನು ಎಲ್ಲಕ್ಕಿಂತ ಮೇಲಿಡುವುದು ಪ್ರತಿಮೆಗಳ ಕಾರಣಕ್ಕೆ. ಹಿಮ್ಮೆಲ್ ಹೋದ ಹೋದ ಊರಲ್ಲೆಲ್ಲ ತನ್ನ ಪ್ರತಿಮೆ ಮಾಡಿಸಿಕೊಳ್ಳುತ್ತಾನೆ. ಒಣ ಜಂಬ ಅನ್ನಿಸುತ್ತದೆ. ಬಹಳ ತಡವಾಗಿ ನಿಜವಾದ ಕಾರಣ ತಿಳಿಯುತ್ತದೆ: ತಾವೆಲ್ಲ ಸತ್ತ ಮೇಲೂ ಉಳಿಯುವ ಫ್ರೀರೆನ್ ಒಂಟಿಯಾಗಬಾರದು ಎಂದು. ಇನ್ನೊಂದು ಕಂತಿನಲ್ಲಿ ಒಬ್ಬ ಮುದಿ ಕುಳ್ಳ ಯೋಧ ಹೆಂಡತಿಯ ಮುಖ, ದನಿ ಎಲ್ಲ ಮರೆತಿದ್ದಾನೆ. ಅವಳು ಪ್ರೀತಿಸಿದ ಊರನ್ನು ಕಾಯುವುದನ್ನು ಮಾತ್ರ ಬಿಟ್ಟಿಲ್ಲ.

ನಮ್ಮ ವೀರಗಲ್ಲುಗಳ ಕೆಲಸವೂ ಇದೇ ಅಲ್ಲವೇ? ಕೆಳಗಿನ ಪಟ್ಟಿಯಲ್ಲಿ ಕಾಳಗ, ನಡುವೆ ವೀರನನ್ನು ಮೇಲಕ್ಕೊಯ್ಯುವ ಅಪ್ಸರೆಯರು, ಮೇಲೆ ಶಿವಸನ್ನಿಧಿ. ಬೆಂಗಳೂರು ಎಂಬ ಹೆಸರು ನಮಗೆ ತಿಳಿದ ಹಾಗೆ ಮೊದಲು ಕಾಣುವುದೂ ಸುಮಾರು ಕ್ರಿ.ಶ. 900ರ ಹೊತ್ತಿನ ಬೇಗೂರಿನ ಶಾಸನದಲ್ಲಿ, ಬೆಂಗಳೂರಿನ ಕಾಳಗದಲ್ಲಿ ಮಡಿದವನೊಬ್ಬನ ನೆನಪಿನ ಕಲ್ಲಿನಲ್ಲಿ. ಆ ಕಾಳಗ ಯಾರು ಗೆದ್ದರೆಂದು ಇವತ್ತು ಯಾರೂ ಕೇಳುವುದಿಲ್ಲ. ಸತ್ತವನಿಗಾಗಿ ಯಾರೋ ಕಲ್ಲು ನಿಲ್ಲಿಸಿದ್ದರಿಂದ ಊರಿನ ಹೆಸರೇ ನಮಗೆ ಉಳಿಯಿತು.

ಕಲ್ಲು ಇಲ್ಲದ ಕಡೆ ನೆನಪು ಹೇಗೆ ದಾಟುತ್ತದೆ ಎಂಬುದೇ ‘ಆರ್ಬ್: ಆನ್ ದಿ ಮೂವ್‌ಮೆಂಟ್ಸ್ ಆಫ್ ದಿ ಅರ್ತ್’ ಸರಣಿಯ ವಸ್ತು. 2024ರ ಅಕ್ಟೋಬರಿನಿಂದ 2025ರ ಮಾರ್ಚ್‌ವರೆಗೆ 25 ಕಂತು. ಮೂಲ ಉಒತೊ ಅವರ ಮಾಂಗಾ. ಜಪಾನಿಯಲ್ಲಿ ಹೆಸರು ‘ಚಿ’ ಎಂಬ ಒಂದೇ ಅಕ್ಷರ. ನೆಲ, ರಕ್ತ, ಅರಿವು ಮೂರನ್ನೂ ಆ ಒಂದು ಧ್ವನಿ ಹೊತ್ತಿದೆ. ಹದಿನೈದನೆಯ ಶತಮಾನದ ಯೂರೋಪಿನಲ್ಲಿ, ಭೂಮಿ ಸುತ್ತುತ್ತದೆ ಎಂದು ನಂಬಿದವರನ್ನು ಸುಡುವ ಕಾಲ. ಹನ್ನೆರಡು ವರ್ಷದ ಜಾಣ ಹುಡುಗ ರಫಾಲ್ ನಾಯಕ ಎಂದುಕೊಂಡು ನಾವು ಒಗ್ಗಿಕೊಳ್ಳುವಷ್ಟರಲ್ಲಿ ಅವನು ಸಾಯುತ್ತಾನೆ. ಅವನು ಬಚ್ಚಿಟ್ಟ ಕಾಗದಗಳು ವರ್ಷಗಳ ನಂತರ ಇನ್ಯಾರಿಗೋ ಸಿಗುತ್ತವೆ. ಅವರೂ ಸಾಯುತ್ತಾರೆ. ಒಂದು ಹಂತದಲ್ಲಿ ಪುಸ್ತಕವೊಂದು ಬಡವರ ತಲೆಯ ಮೇಲಿನ ಹಚ್ಚೆಯಾಗಿ ಉಳಿಯುತ್ತದೆ. ಈ ಕಥೆಯಲ್ಲಿ ಗೆಲುವನ್ನು ಕಣ್ಣಾರೆ ನೋಡುವವರು ಯಾರೂ ಇಲ್ಲ. ತಾಳೆಗರಿಗಳನ್ನು ಹುಡುಕಿ ತಂದು 1923ರಲ್ಲಿ ‘ವಚನಶಾಸ್ತ್ರಸಾರ’ ಅಚ್ಚು ಹಾಕಿಸಿದ ಫ.ಗು. ಹಳಕಟ್ಟಿಯವರು, ಅದಕ್ಕೂ ಮೊದಲು ಆ ಗರಿಗಳನ್ನು ಪ್ರತಿ ಮಾಡಿ ಜೋಪಾನ ಮಾಡಿದ ಹೆಸರಿಲ್ಲದ ಕೈಗಳು ನನ್ನ ಕಣ್ಣ ಮುಂದೆ ಬಂದವು.

ಆದರೆ ಇತಿಹಾಸ ಎಂದು ಇದನ್ನು ನೋಡಬಾರದು. ಕೊಪರ್ನಿಕಸನ ಪುಸ್ತಕ ಬಂದದ್ದೇ 1543ರಲ್ಲಿ, ಗೆಲಿಲಿಯೊ ವಿಚಾರಣೆ 1633ರಲ್ಲಿ. ಅದಕ್ಕೂ ಹಿಂದಿನ ಈ ಬೇಟೆ ಕಲ್ಪನೆ. ಸರಣಿಯೂ ದೇಶಕ್ಕೆ ‘ಪಿ’, ಧರ್ಮಕ್ಕೆ ‘ಸಿ’ ಎಂದು ಕರೆದು ತಪ್ಪಿಸಿಕೊಳ್ಳುತ್ತದೆ. ಚಿತ್ರಹಿಂಸೆಯ ದೃಶ್ಯಗಳೂ ಅಗತ್ಯಕ್ಕಿಂತ ಹೆಚ್ಚು. ಕೊನೆಯಲ್ಲಿ ರಫಾಲ್ ಎಂಬ ಹೆಸರಿನ ವಯಸ್ಕನೊಬ್ಬನನ್ನು ತಂದು ಹೂಡುವ ಒಗಟು, ಅಲ್ಲಿಯವರೆಗೆ ಕೈಯಿಂದ ಕೈಗೆ ಬಂದ ದಾರವನ್ನು ಸುಮ್ಮನೆ ಗಂಟು ಹಾಕುತ್ತದೆ.

ದಾಟಿಸುವ ಮಾತು ಬಂದಾಗ ಭಾಷೆಯ ಮಾತು ಆಡದೆ ಮುಗಿಸಲಾರೆ. ನಮ್ಮ ಹುಡುಗ ‘ಸೋಲೋ ಲೆವೆಲಿಂಗ್’ ನೋಡುವುದು ಹಿಂದಿಯಲ್ಲಿ. ತಮಿಳು, ತೆಲುಗಿನಲ್ಲೂ ಅದು ಇದೆ. 2025ರ ಸೆಪ್ಟೆಂಬರಿನಲ್ಲಿ ‘ಡೀಮನ್ ಸ್ಲೇಯರ್: ಇನ್ಫಿನಿಟಿ ಕ್ಯಾಸಲ್’ ಚಿತ್ರ ನಮ್ಮ ಥಿಯೇಟರುಗಳಿಗೆ ಬಂದಾಗಲೂ ಜಪಾನಿ, ಇಂಗ್ಲಿಷ್, ಹಿಂದಿ, ತಮಿಳು, ತೆಲುಗು. ಕನ್ನಡ ಇಲ್ಲ. ಡಬ್ಬಿಂಗ್ ಬೇಕೇ ಬೇಡವೇ ಎಂದು ನಾವು ದಶಕಗಟ್ಟಲೆ ಜಗಳವಾಡಿದೆವು. 2015ರಲ್ಲಿ ಸ್ಪರ್ಧಾ ಆಯೋಗ ಡಬ್ಬಿಂಗ್ ತಡೆಯುತ್ತಿದ್ದ ಸಂಸ್ಥೆಗಳಿಗೆ ದಂಡವನ್ನೂ ಹಾಕಿತು. ತಡೆದವರ ಆತಂಕ ಸುಳ್ಳೇನಲ್ಲ, ನಮ್ಮ ಕಲಾವಿದರ ಅನ್ನದ ಪ್ರಶ್ನೆ ಅದರಲ್ಲಿತ್ತು. ಆದರೆ ಆ ಜಗಳದ ಹೊತ್ತಿನಲ್ಲಿ ಬೆಳೆದ ಮಕ್ಕಳು ಸಾಹಸ, ಸ್ನೇಹ, ಸಾವುಗಳನ್ನೆಲ್ಲ ಬೇರೆ ಭಾಷೆಗಳಲ್ಲಿ ಕೇಳಿ ಬೆಳೆದರು. ಹಿಮ್ಮೆಲ್ ಸತ್ತ ದಿನ ಫ್ರೀರೆನ್ ಅತ್ತ ಮಾತುಗಳನ್ನು ನಾನೂ ಇಂಗ್ಲಿಷ್ ಅಕ್ಷರಗಳಲ್ಲಿ ಓದಿದೆ. ತಾತ ನೆನಪಾದದ್ದು ಮಾತ್ರ ಕನ್ನಡದಲ್ಲಿ.

ಅವತ್ತು ಹುಡುಗನ ಪ್ರಶ್ನೆಗೆ ನಾನು ಇಷ್ಟೆಲ್ಲ ಹೇಳಲಿಲ್ಲ. ಇನ್ನೊಂದು ಕಂತು ನೋಡೋಣ ಎಂದೆ. ಮೂರನೆಯದೂ ನೋಡಿದ, ನಾಲ್ಕನೆಯದೂ ನೋಡಿದ. ಇಷ್ಟವಾಯಿತು ಎಂದು ಒಪ್ಪಿಕೊಳ್ಳಲಿಲ್ಲ. ಮರುದಿನ ಸಂಜೆ ಕೆರೆಯ ಏರಿಯ ಮೇಲೆ ನಡೆಯುವಾಗ ಮಾತ್ರ, “ಮಾಮ, ಮುತ್ತಾತ ಕಣ ಅಂತಿದ್ರಲ್ಲ, ಅದು ಎಲ್ಲಿ?” ಎಂದು ಕೇಳಿದ. ನನಗೆ ಗೊತ್ತಿದ್ದ ಒಂದು ಜಾಗ ತೋರಿಸಿದೆ. ಇನ್ನುಳಿದವನ್ನು ಚಿಕ್ಕಪ್ಪನ ಹತ್ತಿರ ಕೇಳಬೇಕು. ನಾಳೆ ಎನ್ನದೆ ಅವತ್ತು ರಾತ್ರಿಯೇ ಫೋನ್ ಮಾಡಿದೆ.