ಏನೇನು ನೋಡಿದಿರಿ?

ಸಂಕ್ರಾಂತಿ ಮುಗಿದು ರಥಸಪ್ತಮಿ ಬರುವವರೆಗೆ ನಮ್ಮ ಚಿಕ್ಕೋಡಿಯಲ್ಲಿ ಮನೆಮನೆಗೂ ಅರಿಶಿನ-ಕುಂಕುಮದ ಸಡಗರ. 2025ರ ಜನವರಿಯಲ್ಲಿ ನಮ್ಮ ಮನೆಯ ಸರದಿ ಬಂದಾಗ, ನೆರೆದವರಿಗೆಲ್ಲ ನನ್ನ ಕುಸುರೆಳ್ಳಿಗಿಂತ ನನ್ನ ಫ್ರಾನ್ಸ್ ಪ್ರವಾಸದ ಸುದ್ದಿಯೇ ಹೆಚ್ಚು ಬೇಕಾಗಿತ್ತು. ಅದರ ಹಿಂದಿನ ಸೆಪ್ಟೆಂಬರಿನಲ್ಲಿ ಜರ್ಮನಿಯಲ್ಲಿರುವ ಮಗನ ಮನೆಗೆ ಹೋಗಿದ್ದ ನಮ್ಮಿಬ್ಬರನ್ನು ಅವನು ಐದು ದಿನ ಫ್ರಾನ್ಸಿನ ದಕ್ಷಿಣದ ಕಡಲಂಚಿಗೆ ಕರೆದೊಯ್ದಿದ್ದ. ಸಿನಿಮಾ ನಟಿಯರು ಕೆಂಪು ಹಾಸಿನ ಮೇಲೆ ನಡೆಯುವ ಕಾನ್, ರಾಜಕುಮಾರಿಯರ ಮೊನಾಕೊ, ಶ್ರೀಮಂತರು ಚಳಿ ಕಳೆಯಲು ಬರುತ್ತಿದ್ದ ನೀಸ್, ಎಲ್ಲವೂ ಇರುವುದು ಅಲ್ಲಿಯೇ.

“ಏನೇನು ನೋಡಿದ್ರಿ ವೈನಿ?” ಎಂದು ನಿಪ್ಪಾಣಿಯ ನಾದಿನಿ ಕೇಳಿದಳು. ನಾನು ಶಾಲೆಯಲ್ಲಿ ಮಗ್ಗಿ ಒಪ್ಪಿಸಿದ ಹಾಗೆ ಒಪ್ಪಿಸಿದೆ. ರಾಯಬಾಗದ ಬೀಗಿತ್ತಿ ಮೊಬೈಲಿನ ಫೋಟೊಗಳನ್ನು ಒಂದೊಂದಾಗಿ ಸರಿಸುತ್ತ “ಅಬ್ಬಾ, ಎಷ್ಟ ಸ್ವಚ್ಛ!” ಎಂದರು. ಬಾಗಿಲ ಬಳಿ, ಕುಂಕುಮದವರ ಸಾಲಿನಿಂದ ದೂರ, ಮೊಮ್ಮಗಳನ್ನು ತೊಡೆಯ ಮೇಲೆ ಮಲಗಿಸಿಕೊಂಡು ಕುಳಿತಿದ್ದ ಕಾಗವಾಡದ ಆಯಿಯೊಬ್ಬರು ಆಗ ಬಾಯಿ ತೆರೆದರು.

“ಅಕ್ಕೋರ, ಅಲ್ಲೆ ನಮ್ಮಂಥಾ ಹೆಣಮಕ್ಕಳು ಏನ್ ಕೆಲಸಾ ಮಾಡತಾರ್ರೀ?”

ನನಗೆ ಉತ್ತರ ತಿಳಿಯಲಿಲ್ಲ. ಏನೋ ಹೇಳಿ, ಚಹಾ ತರುವ ನೆವದಿಂದ ಒಳಗೆ ಹೋದೆ.

ಆ ರಾತ್ರಿ ನನ್ನ ಪ್ರವಾಸದ ನೋಟುಬುಕ್ಕನ್ನು ತೆಗೆದೆ. ಮಹಿಳಾ ಮಂಡಳದ ಸ್ಮರಣ ಸಂಚಿಕೆಗೆ ಕೊಡಬೇಕೆಂದು ಅದರಿಂದ ಒಂದು ಲೇಖನವನ್ನೂ ಸಿದ್ಧ ಮಾಡಿಟ್ಟಿದ್ದೆ. ಮೂವತ್ತು ವರ್ಷ ಮಕ್ಕಳ ಪ್ರಬಂಧಗಳಿಗೆ ಕೆಂಪು ಗೆರೆ ಹಾಕಿದವಳು ನಾನು. ನನ್ನದೇ ಬರಹವನ್ನು ಆ ಕಣ್ಣಿನಿಂದ ಎಂದೂ ಓದಿರಲಿಲ್ಲ.

ಕನ್ನಡದಲ್ಲಿ ಪ್ರವಾಸ ಕಥನಕ್ಕೆ ಬರವಿಲ್ಲ. 1930ರ ದಶಕದಲ್ಲಿ ಆಕ್ಸ್‌ಫರ್ಡಿಗೆ ಓದಲು ಹೋದ ವಿ. ಕೃ. ಗೋಕಾಕರು ‘ಸಮುದ್ರದಾಚೆಯಿಂದ’ ಬರೆದರು. ಕಾರಂತರು ‘ಅಪೂರ್ವ ಪಶ್ಚಿಮ’ ಬರೆದರು. ‘ಅಮೆರಿಕಾದಲ್ಲಿ ಗೊರೂರು’ ಪುಸ್ತಕಕ್ಕೆ 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂತು. ಗೆಳತಿಯೊಡನೆ ಯುರೋಪು ಸುತ್ತಿ ‘ಒಂದು ಕನಸಿನ ಪಯಣ’ ಬರೆದ ನೇಮಿಚಂದ್ರ ಅವರು, ಹೆಣ್ಣುಮಕ್ಕಳು ತಾವೇ ಚೀಲ ಹೊತ್ತು ಹೊರಡಬಹುದೆಂಬ ಧೈರ್ಯವನ್ನು ನಮ್ಮಂಥ ಎಷ್ಟೋ ಜನರಿಗೆ ಕೊಟ್ಟರು. ಇವರಿಗೆಲ್ಲ ಹೋದ ಊರಿನ ಜೊತೆಗೆ ಹೋದ ಮನುಷ್ಯನೂ ಮುಖ್ಯವಾಗಿದ್ದ. ಆದರೆ ಹನ್ನೆರಡು ದಿನದಲ್ಲಿ ಎಂಟು ದೇಶ ತೋರಿಸುವ ಟೂರುಗಳು ಬಂದ ಮೇಲೆ ನಾವು ಬರೆಯುವ ಪ್ರವಾಸ ಕಥನಕ್ಕೆ ಒಂದು ಅಚ್ಚು ಬಿದ್ದುಬಿಟ್ಟಿದೆ. ಮೊದಲು ವಿಮಾನದ ವರ್ಣನೆ, ಆಮೇಲೆ ನೋಡಿದ ಸ್ಥಳಗಳ ಯಾದಿ, ನಡುನಡುವೆ ‘ನಮ್ಮಲ್ಲಿ ಹೀಗಿಲ್ಲವಲ್ಲ’ ಎಂಬ ನಿಟ್ಟುಸಿರು, ಕೊನೆಗೆ ಮನೆಯ ಅನ್ನ-ಸಾರಿನ ನೆನಪು. ನನ್ನ ಲೇಖನ ಆ ಅಚ್ಚಿನಲ್ಲೇ ಎರಕ ಹೊಯ್ದಂತಿತ್ತು.

ಆ ಕರಾವಳಿಯ ಹೆಸರನ್ನೇ ನೋಡಿ. ಕೋತ್ ದಾಜೂರ್, ಅಂದರೆ ನೀಲಿ ಕರಾವಳಿ. ಹೆಸರು ಸಮುದ್ರದಷ್ಟೇ ಹಳೆಯದೆಂದು ನಾನು ತಿಳಿದಿದ್ದೆ. ಅದನ್ನು ಕೊಟ್ಟವನು ಸ್ತೆಫಾನ್ ಲಿಯೇಜಾರ್ ಎಂಬ ಲೇಖಕ. 1887ರಲ್ಲಿ ತಾನು ಬರೆದ ಪುಸ್ತಕಕ್ಕೆ ಅವನಿಟ್ಟ ಹೆಸರು ಆಮೇಲೆ ಇಡೀ ಸೀಮೆಗೇ ಅಂಟಿಕೊಂಡಿತು. ಬರೆಯುವವರು ಯಾವುದಕ್ಕೆ ಹೆಸರಿಡುತ್ತಾರೋ ನೋಡುವವರು ಅದನ್ನೇ ನೋಡುತ್ತಾರೆ. ಆದ್ದರಿಂದ ಪ್ರವಾಸ ಕಥನ ನಾವು ತಿಳಿದಷ್ಟು ಹಗುರವಾದ ಬರಹವಲ್ಲ.

ನೀಸ್‌ನ ಬಗ್ಗೆ ನಾನು ಬರೆದದ್ದು ಹೀಗಿತ್ತು: “ಸಮುದ್ರದಂಡೆಯ ಏಳು ಕಿಲೊಮೀಟರ್ ಉದ್ದದ ಭವ್ಯ ವಿಹಾರಪಥ, ಸಾಲು ಸಾಲು ನೀಲಿ ಕುರ್ಚಿಗಳು, ಕಣ್ಣಿಗೆ ಹಬ್ಬ.” ಅದಕ್ಕೆ ‘ಇಂಗ್ಲಿಷರ ದಾರಿ’ ಎಂದು ಯಾಕೆ ಹೆಸರು ಬಂತೆಂದು ನಾನು ಬರೆದಿರಲಿಲ್ಲ. 1820ರ ಸುಮಾರಿಗೆ ಭಾರಿ ಚಳಿ ಬಿದ್ದು ಕಿತ್ತಳೆ ಬೆಳೆ ಹಾಳಾಗಿ, ಕೂಲಿಯ ಜನ ಭಿಕ್ಷೆಗೆ ನಿಂತಾಗ, ಲೂಯಿಸ್ ವೇ ಎಂಬ ಇಂಗ್ಲಿಷ್ ಪಾದ್ರಿ ಹಣ ಕೂಡಿಸಿ ಆ ಬಡವರಿಂದಲೇ ಈ ದಾರಿಯ ಕೆಲಸ ಹಿಡಿಸಿದ. ನಮ್ಮ ಅಥಣಿ ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬರ ಬಿದ್ದ ವರ್ಷ ಕಲ್ಲು ಒಡೆದು, ಮಣ್ಣು ಹೊತ್ತು ರಸ್ತೆ ಮಾಡಿದ ಕಾಮಗಾರಿಯ ನೆನಪು ಇಲ್ಲಿ ಮನೆಮನೆಯಲ್ಲಿದೆ. ಆ ಭವ್ಯ ವಿಹಾರಪಥವೂ ಬರಗಾಲದ ಕಾಮಗಾರಿಯೇ.

ಅದೇ ಊರಿನ ಹಳೆಯ ಪೇಟೆಯಲ್ಲಿ ಕತೆರೀನ್ ಸೆಗುರಾನ್ ಎಂಬವಳ ಸ್ಮಾರಕವಿದೆ. 1543ರಲ್ಲಿ ಫ್ರೆಂಚರೂ ತುರ್ಕರೂ ಕೂಡಿ ನೀಸ್‌ಗೆ ಮುತ್ತಿಗೆ ಹಾಕಿದಾಗ ಈ ಅಗಸಗಿತ್ತಿ ಬಟ್ಟೆ ಬಡಿಯುವ ಕೊರಡಿನಿಂದ ವೈರಿಯ ಬಾವುಟದವನನ್ನು ಹೊಡೆದು ಉರುಳಿಸಿದಳೆಂದು ಊರವರ ನಂಬಿಕೆ. ಇತಿಹಾಸವೋ ಕಥೆಯೋ, ಆ ಊರು ಅವಳನ್ನು ಇಂದಿಗೂ ಮರೆತಿಲ್ಲ. ಕಿತ್ತೂರಿನ ಚೆನ್ನಮ್ಮನ ಹೆಸರು ಹೇಳುತ್ತ ಬೆಳೆದ ನಾನು ಅವಳ ಎದುರಿನಿಂದ ಹಾದುಹೋಗಿ, ನೋಟುಬುಕ್ಕಿನಲ್ಲಿ “ಹಳೆಯ ಪೇಟೆ, ಕಡಲೆಹಿಟ್ಟಿನ ದೋಸೆ ಚೆನ್ನಾಗಿತ್ತು” ಎಂದಷ್ಟೇ ಬರೆದಿದ್ದೆ. ಸೊಕ್ಕಾ ಎನ್ನುವ ಆ ದೋಸೆ ನಿಜಕ್ಕೂ ಚೆನ್ನಾಗಿತ್ತು. ಅದನ್ನು ಹೊಯ್ದವಳ ಮುಖ ಮಾತ್ರ ನನಗೆ ನೆನಪಿಲ್ಲ.

ಮೊನಾಕೊದ ಬಗ್ಗೆ ಎರಡು ಪುಟ ಬರೆದಿದ್ದೆ. ಎರಡು ಚದರ ಕಿಲೊಮೀಟರಿನ ರಾಜ್ಯ, ಕ್ಯಾಸಿನೊ, ಅದರ ಮುಂದೆ ನಿಂತ ಕಾರುಗಳು. ಆ ರಾಜ್ಯದ ಪ್ರಜೆಗಳು ಅಲ್ಲಿ ಜೂಜಾಡುವಂತಿಲ್ಲವೆಂಬ ಕಾಯಿದೆಯನ್ನು ನಾನು ಹೇಳಲೇ ಇಲ್ಲ. ಬಂದವರು ಕಳೆದುಕೊಳ್ಳಲಿ, ಮನೆಯವರು ಹಾಳಾಗದಿರಲಿ ಎಂಬ ಈ ಜಾಣತನವನ್ನು ಗಂಡನ ಕೈಯಿಂದ ಇಸ್ಪೀಟು ಕಸಿದುಕೊಂಡ ನಮ್ಮ ಯಾವ ಹೆಣ್ಣುಮಗಳಾದರೂ ಮೆಚ್ಚುತ್ತಿದ್ದಳು. ಕಾನ್ ಎಂದೊಡನೆ ನಮಗೆ ನೆನಪಾಗುವುದು ನಟಿಯರ ಸೀರೆ, ಗೌನು. 1946ರ ಮೊದಲ ಉತ್ಸವದಲ್ಲೇ ಅಲ್ಲಿನ ದೊಡ್ಡ ಪ್ರಶಸ್ತಿ ಪಡೆದ ಚಿತ್ರಗಳಲ್ಲಿ ನಮ್ಮ ಚೇತನ್ ಆನಂದರ ‘ನೀಚಾ ನಗರ್’ ಕೂಡ ಒಂದು. ಮೇಲಿನ ಶ್ರೀಮಂತರ ಕೊಳಚೆ ಹರಿದು ಬರುವ ಕೆಳಗಿನ ಓಣಿಯ ಬಡವರ ಕಥೆ ಅದು.

ಓಣಿಯ ಮಾತು ಬಂತು. ನಾನು ಹೇಳಬೇಕಾದದ್ದೂ ಓಣಿಯ ವಿಷಯವನ್ನೇ.

ನಾಲ್ಕನೆಯ ದಿನ ನೀಸ್‌ನಿಂದ ಒಳನಾಡಿನ ಗ್ರಾಸ್ ಎಂಬ ಊರಿಗೆ ಹೋದೆವು. ಜಗತ್ತಿನ ಅತ್ತರಿನ ರಾಜಧಾನಿ ಎಂದು ಅದರ ಖ್ಯಾತಿ. ಮಲ್ಲಿಗೆಯನ್ನು ಅಲ್ಲಿ ನಸುಕಿನಲ್ಲಿ ಬಿಡಿಸುತ್ತಾರೆ. ಒಂದು ಕಿಲೊ ಹೂವಾಗಬೇಕಾದರೆ ಸುಮಾರು 8 ಸಾವಿರ ಹೂ ಬೇಕು. ಹಿಂದೆ ಹೂ ಬಿಡಿಸಲು ಇಟಲಿಯಿಂದ ಬಡ ಹೆಣ್ಣುಮಕ್ಕಳು ಬರುತ್ತಿದ್ದರಂತೆ. ಈಗ ಅತ್ತರಿನ ಮಲ್ಲಿಗೆ ಹೆಚ್ಚಾಗಿ ಬರುವುದು ಈಜಿಪ್ತಿನಿಂದ, ನಮ್ಮ ತಮಿಳುನಾಡಿನಿಂದ. ಆದರೆ ಗ್ರಾಸ್ ಮೊದಲಿನಿಂದ ಹೂವಿನ ಊರಾಗಿರಲಿಲ್ಲ. ಅದು ತೊಗಲು ಹದ ಮಾಡುವವರ ಊರು. ಅವರು ತೊಗಲಿನ ಕೈಗವಸು ಮಾಡಿ ಮಾರುತ್ತಿದ್ದರು. 16ನೆಯ ಶತಮಾನದಲ್ಲಿ ಸಿರಿವಂತ ಹೆಂಗಸರಿಗೆ ಅದರ ವಾಸನೆ ಸೇರದೆ ಹೋದಾಗ ಕೈಗವಸಿಗೆ ಹೂವಿನ ಸುಗಂಧ ಹಚ್ಚತೊಡಗಿದರು. ಕಾಲ ಸರಿದ ಹಾಗೆ ತೊಗಲಿನ ಕಸುಬು ಹೋಯಿತು, ಸುಗಂಧ ಉಳಿಯಿತು. 2018ರಲ್ಲಿ ಯುನೆಸ್ಕೊ ಆ ಸೀಮೆಯ ಅತ್ತರಿನ ಕಸುಬನ್ನು ಮನುಕುಲದ ಪರಂಪರೆಯೆಂದು ಪಟ್ಟಿಗೆ ಸೇರಿಸಿತು. ತೊಗಲಿನವರು ಕೆಲಸ ಮಾಡುತ್ತಿದ್ದ ಹಳೆಯ ಚೌಕದಲ್ಲಿ ನಿಂತು ನಾನು ಫೋಟೊ ತೆಗೆಸಿಕೊಂಡೆ. “ಎಂಥಾ ಸುಂದರ ಓಣಿ!” ಎಂದು ಬರೆದುಕೊಂಡೆ.

ಅರಿಶಿನ-ಕುಂಕುಮದ ಆ ರಾತ್ರಿ ಈ ಸಾಲಿಗೆ ಬಂದಾಗ ಕೈ ನಿಂತಿತು. ನನ್ನ ತವರು ಅಥಣಿ. ಮದುವೆಯಾಗುವವರೆಗೆ ಇಪ್ಪತ್ತೊಂದು ವರ್ಷ ಅಲ್ಲಿಯೇ ಬೆಳೆದೆ. ಕೊಲ್ಹಾಪುರಿ ಎಂಬ ಹೆಸರಿನಲ್ಲಿ ಮಾರಾಟವಾಗುವ ಚಪ್ಪಲಿಗಳಲ್ಲಿ ಎಷ್ಟೋ ಜೋಡಿ ಹುಟ್ಟುವುದು ಅಥಣಿಯಲ್ಲಿ, ಅದರ ಸುತ್ತಲ ಹಳ್ಳಿಗಳಲ್ಲಿ. ನಮ್ಮ ಮನೆಯಿಂದ ಹತ್ತು ನಿಮಿಷ ನಡೆದರೆ ಸಮಗಾರ ಓಣಿ. ಆ ಓಣಿಯೊಳಗೆ ನಾನು ಒಮ್ಮೆಯೂ ಕಾಲಿಟ್ಟಿರಲಿಲ್ಲ. ಹೋಗಬೇಡ ಎಂದು ಯಾರೂ ಗದರಿಸಿರಲಿಲ್ಲ. ಹೋಗಬಾರದೆಂಬುದು ಗಾಳಿಯಲ್ಲೇ ಇತ್ತು. ಬಸವಣ್ಣನವರಿಗೆ ತನ್ನ ತೊಡೆಯ ಚರ್ಮದಿಂದ ಚಪ್ಪಲಿ ಮಾಡಿಕೊಟ್ಟ ಹರಳಯ್ಯನ ಕಥೆಯನ್ನು, ಬಸವಣ್ಣ ಅದನ್ನು ತಲೆಯ ಮೇಲೆ ಹೊತ್ತುಕೊಂಡದ್ದನ್ನು ಪುರಾಣದಲ್ಲಿ ಕೇಳಿ ನಮ್ಮ ಮನೆಯ ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡು ಬರುತ್ತಿದ್ದರು. ಬರುವಾಗ ಆ ಓಣಿಯ ಬಾಯಿಯಲ್ಲಿ ಮೂಗಿಗೆ ಸೆರಗು ಹಿಡಿಯುತ್ತಿದ್ದುದೂ ಅದೇ ಹೆಂಗಸರು. ಅವರಲ್ಲಿ ನಾನೂ ಒಬ್ಬಳು. ತೊಗಲಿನವರು ಇಲ್ಲವಾಗಿ ಅತ್ತರು ಉಳಿದ ಓಣಿಯನ್ನು ನೋಡಲು ಸಮುದ್ರ ದಾಟಿ ಹೋದೆ. ತೊಗಲಿನವರು ಇನ್ನೂ ಬದುಕಿರುವ ಓಣಿಗೆ ಹತ್ತು ನಿಮಿಷ ನಡೆಯಲಿಲ್ಲ.

2025ರ ಜೂನಿನಲ್ಲಿ ಇಟಲಿಯ ಮಿಲಾನಿನ ಫ್ಯಾಷನ್ ಪ್ರದರ್ಶನದಲ್ಲಿ ಪ್ರಾಡಾ ಎಂಬ ದೊಡ್ಡ ಕಂಪನಿ ಥೇಟು ಕೊಲ್ಹಾಪುರಿಯಂಥ ಚಪ್ಪಲಿಗಳನ್ನು ತೋರಿಸಿತು. ಅದು ಎಲ್ಲಿಯದು ಎಂಬ ಮಾತೇ ಇರಲಿಲ್ಲ. ಈ ಚಪ್ಪಲಿಗೆ 2019ರಲ್ಲೇ ಮಹಾರಾಷ್ಟ್ರದ 4, ಕರ್ನಾಟಕದ 4 ಜಿಲ್ಲೆಗಳ ಹೆಸರಿನಲ್ಲಿ ಭೌಗೋಳಿಕ ಗುರುತು ಸಿಕ್ಕಿದೆ. ಅದರಲ್ಲಿ ನಮ್ಮ ಬೆಳಗಾವಿಯೂ ಒಂದು. ಗದ್ದಲವಾದ ಮೇಲೆ ಕಂಪನಿ ಇದು ಭಾರತದ ಕಸುಬಿನ ಪ್ರೇರಣೆ ಎಂದು ಒಪ್ಪಿಕೊಂಡಿತು. ಪತ್ರಿಕೆಯಲ್ಲಿ ಅದನ್ನು ಓದಿ ನನಗೂ ಸಿಟ್ಟು ಬಂತು. ಮರುಕ್ಷಣವೇ, ಹೆಸರು ಹೇಳದೆ ನೋಡಿದವರಲ್ಲಿ ನಾನು ಯಾವ ದೊಡ್ಡವಳು ಎನ್ನಿಸಿತು. ಮುಂದಿನ ತಿಂಗಳು ತವರಿಗೆ ಹೋದಾಗ ಆ ಓಣಿಗೆ ನಡೆದೆ.

ಜಾಲಿಯ ತೊಗಟೆ, ಅಳಲೆಕಾಯಿ ಹಾಕಿ ಹದ ಮಾಡಿದ ತೊಗಲು. ಮೊಳೆ ಇಲ್ಲ, ತೊಗಲಿನ ದಾರದಿಂದಲೇ ಹೊಲಿಗೆ. ಅಟ್ಟೆ ಕತ್ತರಿಸುವುದು, ಬಡಿಯುವುದು ಗಂಡಸರ ಕೆಲಸ. ಮೇಲಿನ ಪಟ್ಟಿಯ ಸಣ್ಣ ಹೆಣಿಗೆ ಬಹುತೇಕ ಹೆಂಗಸರದು. ಅಂಗಡಿಯಲ್ಲಿ ನಾವು ಕೈಗೆತ್ತಿಕೊಂಡು ಮೆಚ್ಚುವುದು ಆ ಹೆಣಿಗೆಯನ್ನೇ. 1990ರ ದಶಕದ ಕೊನೆಯಿಂದ ಅಥಣಿಯ ಹೆಣ್ಣುಮಕ್ಕಳು ಸ್ವಸಹಾಯ ಸಂಘ ಕಟ್ಟಿಕೊಂಡು ಹೊರದೇಶಕ್ಕೂ ಚಪ್ಪಲಿ ಕಳಿಸಿದ್ದಾರೆ. ಇಷ್ಟೆಲ್ಲ ನನಗೆ ಗೊತ್ತಾದದ್ದು ನನ್ನ ಅರವತ್ತರ ಮೇಲೆ.

ಹೊಸ್ತಿಲಲ್ಲಿ ಕುಳಿತು ಹೆಣೆಯುತ್ತಿದ್ದ ನನ್ನ ವಯಸ್ಸಿನವಳೊಬ್ಬಳು ತಲೆಯೆತ್ತಿ ನೋಡಿದಳು. “ನೀವು ಪ್ಯಾಟಿ ಮನಿ ಮಗಳಲ್ಲೇನ್ರೀ? ನಿಮ್ಮ ಕಾಲಿನ ಅಳತಿ ನಮ್ಮಪ್ಪನ ಕಡೆ ಇತ್ತರಿ. ಹಾಳಿ ಮ್ಯಾಲ ಬರಕೊಂಡ ಬಂದಿದ್ದ. ಆ ಚಪ್ಪಲ್ ನಾನ ತಂದ ನಿಮ್ಮ ಕಟ್ಟಿ ಮ್ಯಾಲ ಇಟ್ಟಿದ್ನಿ.”

ನನಗೆ ಚಪ್ಪಲಿ ನೆನಪಿತ್ತು. ಅವಳು ಇಟ್ಟುಹೋದ ಮೇಲೆ ಅವ್ವ ಆ ಕಟ್ಟೆಗೆ ನೀರು ಸುರಿದದ್ದೂ ನೆನಪಿತ್ತು. ಅದು ಅವಳಿಗೂ ನೆನಪಿತ್ತೋ ಏನೋ, ಅವಳು ಹೇಳಲಿಲ್ಲ, ನಾನು ಕೇಳಲಿಲ್ಲ. ಅವಳು ಕೊಟ್ಟ ಚಹಾ ಕುಡಿದು ಬಹಳ ಹೊತ್ತು ಕುಳಿತೆ. ಅವಳ ಹೆಸರನ್ನು ಅವತ್ತು ಮೊದಲ ಸಲ ಕೇಳಿದೆ.

ಡಿಸೆಂಬರಿನಲ್ಲಿ ಮತ್ತೊಂದು ಸುದ್ದಿ ಬಂತು. ಎರಡೂ ರಾಜ್ಯಗಳ ಸರಕಾರಿ ಚರ್ಮೋದ್ಯೋಗ ನಿಗಮಗಳೊಂದಿಗೆ ಆ ಕಂಪನಿ ಒಪ್ಪಂದ ಮಾಡಿಕೊಂಡು, ಇಲ್ಲಿಯೇ 2,000 ಜೋಡಿ ಮಾಡಿಸಿ, ಜೋಡಿಗೆ ಸುಮಾರು 800 ಯೂರೋದಂತೆ ಮಾರುವುದಾಗಿ ಹೇಳಿತು. ಎಂಬತ್ತು ಸಾವಿರ ರೂಪಾಯಿಯ ಮೇಲಾಯಿತು. ಅವಳಿಗೆ ಹೇಳಿದಾಗ ಬಿದ್ದು ಬಿದ್ದು ನಕ್ಕಳು. “ಅಷ್ಟ ರೊಕ್ಕದ್ದ ಕಾಲಾಗ ಯಾರ ಹಾಕತಾರ್ರೀ? ತಲೀ ಮ್ಯಾಲ ಇಟಗೋಬೇಕ ಅಷ್ಟ.” ಆಮೇಲೆ ನಗು ನಿಲ್ಲಿಸಿ, “ಹೆಣಿಗಿ ಕೂಲಿ ಎಷ್ಟ ಕೊಡತಾರಂತ ಬರದಾರೇನ್ರೀ ಅದರಾಗ?” ಎಂದಳು. ಪತ್ರಿಕೆಯಲ್ಲಿ ಅದೊಂದನ್ನು ಬರೆದಿರಲಿಲ್ಲ.

ಈ ಸಂಕ್ರಾಂತಿಗೆ ಕಾಗವಾಡಕ್ಕೆ ನಾನೇ ಹೋದೆ. ಆಯಿಗೆ ಎಂಟು ಸಾವಿರ ಮಲ್ಲಿಗೆಯ ಲೆಕ್ಕ ಹೇಳಿದೆ. ಬಟ್ಟೆಯ ಕೊರಡಿನಿಂದ ಬಾವುಟದವನನ್ನು ಕೆಡವಿದವಳ ಕಥೆ ಹೇಳಿದೆ. ಆಯಿ ಕೈಯನ್ನು ಹಿಂದಕ್ಕೆ ಒಯ್ದು ಟೊಂಕ ಒತ್ತಿಕೊಂಡರು. “ಬಗ್ಗಿ ಬಗ್ಗಿ ಟೊಂಕಾ ಹೋಗಿರತೈತಿ ಅವರದು. ನಾನೂ ನಿಪ್ಪಾಣಿ ವಖಾರ್ಯಾಗ ಹನ್ನೆರಡ ವರ್ಷ ತಂಬಾಕ ಬಡದೀನಿ ಅಕ್ಕೋರ. ಸೀನಿ ಸೀನಿ ಜೀವ ಹೋಗತಿತ್ತು. ಅವರಿಗೆ ಹೂವಿನ ವಾಸನಿ ಆದ್ರೂ ಇತ್ತು.” 1980ರ ಸುಮಾರಿಗೆ ನಿಪ್ಪಾಣಿಯ ತಂಬಾಕಿನ, ಬೀಡಿಯ ಹೆಣ್ಣುಮಕ್ಕಳು ಸಂಘ ಕಟ್ಟಿ ಕೂಲಿಗಾಗಿ ರಸ್ತೆಗಿಳಿದಾಗ ಆಯಿ ಅಲ್ಲಿದ್ದರಂತೆ. ನಾನು ಅದೇ ರಸ್ತೆಯಲ್ಲಿ, ಅದೇ ವರ್ಷಗಳಲ್ಲಿ, ಬಸ್ಸಿನ ಕಿಟಕಿ ಮುಚ್ಚಿಕೊಂಡು ಎಷ್ಟು ಸಲ ಹೋಗಿಲ್ಲ!

ಗೆಳತಿಯರೇ, ಪ್ರವಾಸಕ್ಕೆ ಹೋಗಬೇಡಿರೆಂದು ನಾನು ಹೇಳುತ್ತಿಲ್ಲ. ಕೈಯಲ್ಲಿ ನಾಲ್ಕು ಕಾಸು, ಕಾಲಲ್ಲಿ ಶಕ್ತಿ ಇರುವಾಗಲೇ ಹೋಗಿಬನ್ನಿ. ನೀಸ್‌ನ ಸಮುದ್ರ ನಿಜಕ್ಕೂ ಅಷ್ಟೇ ನೀಲಿಯಾಗಿದೆ. ಆದರೆ ಬಂದು ಬರೆಯುವಾಗ ಆ ಆಯಿಯ ಪ್ರಶ್ನೆಯನ್ನು ಎದುರಿಗಿಟ್ಟುಕೊಂಡು ಬರೆಯಿರಿ. ಮಹಿಳಾ ಮಂಡಳಕ್ಕೆ ಕೊಡಬೇಕೆಂದಿದ್ದ ಲೇಖನವನ್ನು ನಾನು ಹರಿದು ಹಾಕಲಿಲ್ಲ. ಅದರ ಅಂಚಿಗೆಲ್ಲ ಕೆಂಪು ಗೆರೆ ಹಾಕಿ ಇಟ್ಟುಕೊಂಡಿದ್ದೇನೆ. ಅವರಿಗೆ ಕೊಟ್ಟದ್ದು ಇದನ್ನು.