ಮಾರಲಾಗದ ಪ್ರೀತಿ: ವಿಲ್ಲಿ ಲೋಮನ್‌ನ ದುರಂತ

ಆರ್ಥರ್ ಮಿಲ್ಲರ್ ಅವರ ‘ಡೆತ್ ಆಫ್ ಎ ಸೇಲ್ಸ್‌ಮನ್’ ನಾಟಕವು 1949ರ ಫೆಬ್ರವರಿಯಲ್ಲಿ ನ್ಯೂಯಾರ್ಕಿನಲ್ಲಿ ರಂಗವೇರಿತು. ಅದೇ ತಿಂಗಳು ಬರೆದ ಪ್ರಬಂಧದಲ್ಲಿ ಮಿಲ್ಲರ್, ದುರಂತನಾಯಕನಾಗುವ ಅರ್ಹತೆ ಅರಸರಿಗಿರುವಷ್ಟೇ ಜನಸಾಮಾನ್ಯನಿಗೂ ಉಂಟೆಂದು ವಾದಿಸಿದರು; ತನ್ನ ಘನತೆಯನ್ನು ಕಾಯ್ದುಕೊಳ್ಳಲು ಪ್ರಾಣವನ್ನೇ ತೆರಲು ಸಿದ್ಧನಾದವನು ದುರಂತದ ಭಾವವನ್ನು ನಮ್ಮಲ್ಲಿ ಎಬ್ಬಿಸುತ್ತಾನೆಂದರು. ಮೊದಲ ಮಾತಿಗೆ ನಮ್ಮ ತಕರಾರಿಲ್ಲ. ಬಡಗಿಯ ಮಗನನ್ನು ಪ್ರಭುವೆಂದು ಕರೆಯುವವರು ನಾವು. ಪರಿಶೀಲಿಸಬೇಕಾದುದು ಎರಡನೆಯ ಮಾತನ್ನು.

ಈಡಿಪಸನಿಗೆ ದೊರೆತ ಅರಿವು ವಿಲ್ಲಿ ಲೋಮನ್‌ಗೆ ದೊರೆಯುವುದಿಲ್ಲ, ಆದ್ದರಿಂದ ಅವನು ಕನಿಕರಕ್ಕೆ ಪಾತ್ರನೇ ಹೊರತು ದುರಂತನಾಯಕನಲ್ಲ ಎಂಬ ಆಕ್ಷೇಪವುಂಟು. ಇದನ್ನು ನಾವು ಒಪ್ಪಲಾರೆವು. ಎರಡನೆಯ ಅಂಕದ ಕೊನೆಯಲ್ಲಿ ಹಿರಿಯ ಮಗ ಬಿಫ್, ಮನೆಯ ಸುಳ್ಳುಗಳನ್ನೆಲ್ಲ ಒಡೆದುಹಾಕಿ, ತಂದೆಯನ್ನು ಹಿಡಿದುಕೊಂಡು ಅಳುತ್ತಾನೆ. ಮಗ ತನ್ನನ್ನು ಪ್ರೀತಿಸುತ್ತಾನೆಂದು ತಿಳಿದು ವಿಲ್ಲಿ ಬೆರಗಾಗುತ್ತಾನೆ. ಜನರ ಮೆಚ್ಚುಗೆಯೇ ಬಂಡವಾಳವೆಂದು ನಂಬಿ ಬದುಕೆಲ್ಲ ಸರಕು ಮಾರಿದವನಿಗೆ ಏನನ್ನೂ ಮಾರದೆಯೇ ಪ್ರೀತಿ ದೊರೆತಿದೆ. ದೈವಶಾಸ್ತ್ರದ ಭಾಷೆಯಲ್ಲಿ ಇದು ವರಪ್ರಸಾದದ ಗಳಿಗೆ. ಆದರೆ ಮರುಕ್ಷಣವೇ ಸತ್ತ ಅಣ್ಣ ಬೆನ್ ಅವನ ಕಣ್ಣಮುಂದೆ ಬರುತ್ತಾನೆ, ವಿಮೆಯ 20,000 ಡಾಲರಿನ ಲೆಕ್ಕ ಶುರುವಾಗುತ್ತದೆ. ಪುಕ್ಕಟೆಯಾಗಿ ಬಂದುದಕ್ಕೆ ಬೆಲೆ ಕಟ್ಟಲು ವಿಲ್ಲಿ ಕಾರನ್ನೇರಿ ಹೊರಟುಬಿಡುತ್ತಾನೆ. ಅರಿವು ಬಂದಿತ್ತು, ಅದನ್ನು ಸ್ವೀಕರಿಸುವ ಕೈ ಅವನಿಗಿರಲಿಲ್ಲ.

ಅರಿಸ್ಟಾಟಲ್ ಬಳಸಿದ ‘ಹಮಾರ್ತಿಯ’ ಎಂಬ ಪದವೇ ಹೊಸ ಒಡಂಬಡಿಕೆಯಲ್ಲಿ ಪಾಪವೆಂಬ ಅರ್ಥದಲ್ಲಿ ಬರುತ್ತದೆ. (ಎರಡನ್ನೂ ಒಂದೆನ್ನುವ ಅವಸರ ಬೇಡ, ಈಡಿಪಸನಿಗೆ ಅದರಿಂದ ಅನ್ಯಾಯವಾದೀತು.) ಬಾಸ್ಟನ್ನಿನ ಹೋಟೆಲಿನಲ್ಲಿ ವಿಲ್ಲಿ ಮಾಡಿದ ವ್ಯಭಿಚಾರ ಪಾಪವೇ ಸರಿ, ಮಗನ ಕಣ್ಣಿಗೆ ಬಿದ್ದ ಪಾಪ. ಆದರೂ ಅವನ ಬೇರುಮಟ್ಟದ ಕೊರತೆ ನೆರೆಯ ಚಾರ್ಲಿಯೊಡನೆಯ ವ್ಯವಹಾರದಲ್ಲಿ ಹೆಚ್ಚು ಸ್ಪಷ್ಟವಾಗಿ ಕಾಣುತ್ತದೆ. ಚಾರ್ಲಿ ಕೊಡುವ ವಾರದ 50 ಡಾಲರನ್ನು ವಿಲ್ಲಿ ಸಾಲವೆಂದು ಪಡೆಯುತ್ತಾನೆ. ಅವನು ಕೊಡಲು ಬಂದ ಕೆಲಸವನ್ನು ಮಾತ್ರ ಒಲ್ಲೆನೆನ್ನುತ್ತಾನೆ. ಸಾಲಗಾರನಾಗಬಲ್ಲ, ಋಣಿಯಾಗಲಾರ.

ಹೀಗಾಗಿ ಅವನ ಸಾವನ್ನು ಬಲಿದಾನವೆನ್ನಲು ನಾವು ಹಿಂಜರಿಯುತ್ತೇವೆ. ಯೊವಾನ್ನರ ಶುಭಸಂದೇಶದಲ್ಲಿ ಪ್ರಾಣವನ್ನು ಧಾರೆಯೆರೆಯುವ ಕ್ರಿಸ್ತರು ಪಿತನ ಪ್ರೀತಿಯನ್ನು ಬಲ್ಲವರಾಗಿ ಕೊಡುತ್ತಾರೆ. ವಿಲ್ಲಿಯಾದರೋ ಬದುಕಿರುವ ತನಗಿಂತ ಸತ್ತ ತಾನೇ ಹೆಚ್ಚು ಬೆಲೆಯವನೆಂದು ಲೆಕ್ಕ ಹಾಕಿ ಸಾಯುತ್ತಾನೆ. ಇದು ಗುರುಗಳಿಗೆ ಬರಿಯ ಸಾಹಿತ್ಯದ ಪ್ರಶ್ನೆಯಲ್ಲ. ಸಾಲದ ಹೊರೆಯಲ್ಲಿ ಪ್ರಾಣ ಕಳೆದುಕೊಂಡವರ ಮನೆಯಲ್ಲಿ, ‘ಮಕ್ಕಳಿಗಾಗಿ ಜೀವ ಕೊಟ್ಟರು’ ಎಂಬ ಸಾಂತ್ವನದ ಮಾತು ನಾಲಿಗೆಯ ತುದಿಗೆ ಬರುತ್ತದೆ. ಬುದ್ಧಿಪೂರ್ವಕ ಆತ್ಮಹತ್ಯೆ ಮಾಡಿಕೊಂಡವರಿಗೆ ಧರ್ಮಸಭೆಯ ಅಂತ್ಯಸಂಸ್ಕಾರವನ್ನು 1917ರ ಕಾನೂನು ಸಂಹಿತೆ ನಿರಾಕರಿಸಿತ್ತು. 1983ರ ಸಂಹಿತೆಯ ನಿರಾಕರಣೆಯ ಪಟ್ಟಿಯಲ್ಲಿ ಅವರಿಲ್ಲ. ತೀರ್ಪನ್ನು ದೇವರಿಗೆ ಬಿಟ್ಟ ಈ ಕರುಣೆ ಯೋಗ್ಯವಾದುದು. ಆದರೆ ಪ್ರವಚನಪೀಠದಿಂದ ಆ ಸಾವನ್ನು ಹೊಗಳಿದರೆ, ಕೇಳುವ ಮಗನ ಪಾಡೇನು?

ಮಿಲ್ಲರ್ ಇದನ್ನು ಕಂಡಿದ್ದರು. ಕೊನೆಯ ಭಾಗಕ್ಕೆ ಅವರಿಟ್ಟ ಹೆಸರು ‘ರಿಕ್ವಿಯೆಮ್’, ಮೃತರಿಗಾಗಿ ಅರ್ಪಿಸುವ ಬಲಿಪೂಜೆಯ ಹೆಸರು. ರಂಗದ ಮೇಲೆ ಮಾತ್ರ ಗುರುವಿಲ್ಲ, ಪ್ರಾರ್ಥನೆಯಿಲ್ಲ. ನೂರಾರು ಜನ ನೆರೆಯುವ ಅಂತ್ಯಕ್ರಿಯೆಯ ಕನಸು ಕಂಡವನ ಸಮಾಧಿಯ ಬಳಿ ಐವರಷ್ಟೇ ನಿಂತಿದ್ದಾರೆ. ವಿಮೆಯ ಹಣ ಬಂದಿತೇ ಎಂದು ನಾಟಕ ಹೇಳುವುದೇ ಇಲ್ಲ. ಕಿರಿಯ ಮಗ ಹ್ಯಾಪಿ, ತಂದೆಯ ಕನಸನ್ನು ತಾನು ಗೆದ್ದು ತೋರಿಸುವೆನೆಂದು ಅಲ್ಲಿಯೇ ಹಟ ತೊಡುತ್ತಾನೆ. ಮನೆಯ ಸಾಲದ ಕೊನೆಯ ಕಂತನ್ನು ಅಂದೇ ಕಟ್ಟಿಬಂದ ಲಿಂಡಾಗೆ ಗಂಡನಿಗಾಗಿ ಅಳು ಬರುತ್ತಿಲ್ಲ.