ಹೆಸರಿನೊಳಗಿನ ಎಣಿಕೆ

ಗುಂಡ್ಲುಪೇಟೆಯಿಂದ ಬಂಡೀಪುರದ ಕಾಡಿಗೆ ಹೋಗುವ ದಾರಿಯಲ್ಲಿ ಹಂಗಳ ಸಿಗುತ್ತದೆ. ಪಟ್ಟಕ್ಕೆ ಬರುವ ಮುನ್ನ ಚಿಕ್ಕದೇವರಾಜ ಒಡೆಯರನ್ನು ತಂದೆಯೊಂದಿಗೆ ಇರಿಸಿದ್ದು ಈ ಊರಿನಲ್ಲೇ. 1673ರಲ್ಲಿ ಮೈಸೂರಿನ ಗದ್ದುಗೆ ಏರಿದ ಅವರು ಮುಂದೆ ರಾಜ್ಯದ ಕೆಲಸಗಳನ್ನು ಹದಿನೆಂಟು ಪಾಲು ಮಾಡಿದರು. ಆ ವ್ಯವಸ್ಥೆಗೆ ನಿಂತ ಹೆಸರು ಅಠಾರಾ ಕಚೇರಿ.

ಒಟ್ಟು ಹೆಸರು ಉತ್ತರದ ನುಡಿಯದು, ಒಳಗಿನವು ನಮ್ಮವು: ಸುಂಕದ ಚಾವಡಿ, ಆಯಕಟ್ಟಿನ ಚಾವಡಿ, ಬೇಹಿನ ಚಾವಡಿ, ಅರಮನೆಯ ದನಗಳನ್ನು ನೋಡಿಕೊಳ್ಳುತ್ತಿದ್ದ ಬೆಣ್ಣೆ ಚಾವಡಿ. ಚಾವಡಿಯ ಹೆಸರು ಕೇಳಿದೊಡನೆ ಕೆಲಸ ಗೊತ್ತಾಗುತ್ತದೆ. ಅಠಾರಾ ಎಂದಾಗ ಸಿಗುವುದು ಲೆಕ್ಕ ಮಾತ್ರ. 1868ರಲ್ಲಿ ಬೆಂಗಳೂರಿನಲ್ಲಿ ಎದ್ದ ಕೆಂಪು ಕಟ್ಟಡಕ್ಕೂ ಇದೇ ಹೆಸರು ಬಂತು. ಈಗ ಅಲ್ಲಿರುವುದು ಹೈಕೋರ್ಟು. ಇಲಾಖೆಗಳು ಹೋದವು, ಹದಿನೆಂಟು ಉಳಿಯಿತು.

ಅಧಿಕಾರಕ್ಕೆ ಎಣಿಕೆಯ ಹೆಸರಿಡುವುದರಲ್ಲಿ ರೋಮನ್ನರು ಪಳಗಿದವರು. ದುವುಂವಿರಿ ಎಂದರೆ ಇಬ್ಬರು, ದೆಕೆಂವಿರಿ ಎಂದರೆ ಹತ್ತು ಮಂದಿ. ವಿರ್ ಎಂದರೆ ಗಂಡಸು. ಲ್ಯಾಟಿನ್ನಿಗೆ ಬೇರೆ ಪದ ಬೇಕಾದ ಕಡೆ ಕನ್ನಡ ಒಂದು ಪ್ರತ್ಯಯದಲ್ಲೇ ಮನುಷ್ಯರನ್ನು ತರುತ್ತದೆ: ಮೂವರು, ಐವರು, ನೂರ್ವರು. ಹೆಣ್ಣು, ಗಂಡು ಎಂಬ ಭೇದವೂ ಅಲ್ಲಿಲ್ಲ. ಅಯ್ಯಾವೊಳೆಯ ವರ್ತಕರು ಶಾಸನಗಳಲ್ಲಿ ಐನೂರ್ವರು ಎನಿಸಿಕೊಂಡದ್ದು ಈ ಬಲದಿಂದ. ಆ ಸಂಘ ಊರೂರಿಗೆ ಹರಡಿದ ಮೇಲೂ ಐನೂರ್ವರು ಎಂಬ ಹೆಸರು ಬದಲಾಗಲಿಲ್ಲ.

ರೋಮಿನಲ್ಲಿಯೂ ಹೀಗೇ ಆಯಿತು. ಸಿಬಿಲ್ಲ ಎಂಬ ಕಣಿ ಹೇಳುವವಳ ಭವಿಷ್ಯವಾಣಿಯ ಗ್ರಂಥಗಳನ್ನು ಕಾಯುತ್ತಿದ್ದ ಪುರೋಹಿತರು ಮೊದಲು ಇಬ್ಬರು, ಆಮೇಲೆ ಹತ್ತು ಮಂದಿ, ಆಮೇಲೆ ಹದಿನೈದು. ಸೀಸರ್ ಇನ್ನೊಬ್ಬನನ್ನು ಸೇರಿಸಿದ ಮೇಲೂ ಅವರು 'ಹದಿನೈವರು' ಆಗಿಯೇ ಉಳಿದರು. ಸಂಖ್ಯೆ ಹೀಗೆ ಹೆಸರಾಗಿ ಹೆಪ್ಪುಗಟ್ಟುವುದು ಸಹಜ, ಅದರಲ್ಲಿ ದೋಷ ಹುಡುಕಬೇಕಿಲ್ಲ. ತೂಗಿ ನೋಡಬೇಕಾದ್ದು ಬೇರೆ: ಆ ಎಣಿಕೆಯೊಳಗೆ ಯಾರಿಗೆ ಜಾಗ ಸಿಕ್ಕಿತು ಎಂಬುದು. ಕ್ರಿ.ಪೂ. 367ರಲ್ಲಿ ಇಬ್ಬರು ಹತ್ತಾದಾಗ ಐದು ಸ್ಥಾನ ಕುಲೀನರಿಗೆ, ಐದು ಸಾಮಾನ್ಯ ಪ್ರಜೆಗಳಿಗೆ ಎಂದು ನಿಗದಿಯಾಯಿತು. ಅಲ್ಲಿ ಹತ್ತು ಎಂಬುದು ಬರೀ ಲೆಕ್ಕವಲ್ಲ, ಬಹುಕಾಲದ ಜಗಳವೊಂದರ ತೀರ್ಪು.

ಈ ತಕ್ಕಡಿಯಲ್ಲಿಟ್ಟರೆ ನಮ್ಮ ಹಳ್ಳಿಗಳ 'ಹನ್ನೆರಡು ಆಯಗಾರರು' ಎಷ್ಟು ತೂಗುತ್ತಾರೆ? ಗೌಡ, ಶಾನುಭೋಗ, ಜೋಯಿಸ, ತಳವಾರ, ತೋಟಿ, ನೀರುಗಂಟಿ, ಕಮ್ಮಾರ, ಬಡಗಿ, ಕುಂಬಾರ, ಅಗಸ, ಕ್ಷೌರಿಕ, ಅಕ್ಕಸಾಲಿ. ಕಣದಲ್ಲಿ ಅಳೆದುಕೊಡುವ ದವಸದ ಪಾಲೇ ಆಯ. ದುಡಿಮೆಗೆ ಊರು ಕೊಡಬೇಕಾದ ಋಣವನ್ನು ಹೆಸರಿನಲ್ಲೇ ಹೇಳುವ ಈ ಪದ ಲ್ಯಾಟಿನ್ನಿನ ಯಾವ ಪದಕ್ಕಿಂತಲೂ ದೊಡ್ಡದು ಎಂದು ನನಗನ್ನಿಸುತ್ತದೆ. ಪುರೋಹಿತ, ಅಧಿಕಾರಿ, ಕಸುಬುದಾರ ಎಲ್ಲರನ್ನೂ ಒಂದೇ ಉಸಿರಿನಲ್ಲಿ ಎಣಿಸಿದ ಪದ ಇದು. ಆದರೆ ಒಂದೇ ಉಸಿರಿನಲ್ಲಿ ಎಣಿಸಿಕೊಂಡವರು ಒಂದೇ ಚಾಪೆಯ ಮೇಲೆ ಕೂರಲಿಲ್ಲ. ತೋಟಿ ಎಣಿಕೆಯೊಳಗಿದ್ದ, ತೀರ್ಮಾನದ ಹೊರಗಿದ್ದ. ಹೆಣ್ಣು ಎಣಿಕೆಗೇ ಬರಲಿಲ್ಲ. ಭಾಷೆ ತೋರಿದ ಔದಾರ್ಯವನ್ನು ಬಾಳು ತೋರಲಿಲ್ಲ.

ಎಣಿಕೆಯ ಹೆಸರೊಂದು ಇಂದಿಗೂ ಪ್ರತಿ ಊರಿನಲ್ಲಿ ಜೀವಂತವಾಗಿದೆ: ಪಂಚಾಯಿತಿ. ಅದರೊಳಗಿನ ಐದನ್ನು ಈಗ ಯಾರೂ ಎಣಿಸುವುದಿಲ್ಲ. 1993ರ ಕರ್ನಾಟಕ ಕಾಯಿದೆ ಗ್ರಾಮ ಪಂಚಾಯಿತಿಗೆ 400 ಜನಕ್ಕೊಬ್ಬರಂತೆ ಸದಸ್ಯರನ್ನು ನಿಗದಿ ಮಾಡಿತು. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಹಿಂದುಳಿದ ವರ್ಗಗಳಿಗೆ ಮತ್ತು ಮಹಿಳೆಯರಿಗೆ ಸ್ಥಾನ ಮೀಸಲಿಟ್ಟಿತು. ಹೆಸರಿನ ಐದು ಸುಳ್ಳಾದರೂ ಒಳಗಿನ ಲೆಕ್ಕ ನ್ಯಾಯದ ಕಡೆಗೆ ತಿರುಗಿತು. ಸಭೆಯಲ್ಲಿ ಕೂತ ಹೆಂಗಸಿನ ಮಾತಿಗೆ ಎಷ್ಟು ಬೆಲೆ ಸಿಕ್ಕಿತು ಎಂಬುದನ್ನು ಕಾಯಿದೆಯ ಪುಸ್ತಕ ಹೇಳಲಾರದು, ಊರೇ ಹೇಳಬೇಕು.

ಆದ್ದರಿಂದ ಇಂಥ ಹೆಸರುಗಳ ಮುಂದೆ 'ಎಷ್ಟು?' ಎಂದು ಕೇಳಿ ಸುಮ್ಮನಾಗಬಾರದು. 'ಯಾರು ಯಾರು?' ಎಂದು ಕೇಳಬೇಕು. ಎಣಿಸುವಾಗಲೇ ಮನುಷ್ಯರನ್ನು ನೆನೆಯುವ ಕನ್ನಡದಲ್ಲಿ ಆ ಪ್ರಶ್ನೆ ಮೊದಲಿನಿಂದಲೂ ಇದೆ.